ಕಿಟಕಿ ಹದಿನಾಲ್ಕು ದಿನ ತೆರೆದಿರುತ್ತದೆ

ಫೆಬ್ರವರಿ 3

ಅಕ್ಕಾ,

ನಾನು ಇಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ಆದರೆ ಕ್ಷೇಮವಾಗಿರುವವರನ್ನು ಈ ಚಿಕಿತ್ಸೆಯ ಮನೆಗೆ ಸೇರಿಸಿಕೊಳ್ಳುವುದೇ ಇಲ್ಲವಾದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಬಸ್ಸು ಹದಿಮೂರು ಗಂಟೆ ತೆಗೆದುಕೊಂಡಿತು. ದಾರಿಯಲ್ಲಿ ಎರಡು ಮೇಲ್ಸೇತುವೆ. ಎರಡೂ ಕಡೆ ನಾನು ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುವ ನಾಟಕ ಮಾಡಿದೆ. ಎರಡನೇ ಸಲ ಪಕ್ಕದ ಸೀಟಿನವರೂ ಪಾಪ ಬಗ್ಗಿ ಹುಡುಕಿದರು. ಚಪ್ಪಲಿ ನನ್ನ ಕಾಲಲ್ಲೇ ಇತ್ತು.

ಅರ್ಜಿಯಲ್ಲಿ ‘ತೊಂದರೆ ಏನು’ ಎಂಬುದಕ್ಕೆ ಎರಡೇ ಗೆರೆ ಬಿಟ್ಟಿದ್ದರು. ನಾನು ಬರೆದದ್ದು ಇಷ್ಟು: ‘ಇಪ್ಪತ್ತೊಂದು ವರ್ಷ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಇಳಿದು ಕಿಟಕಿ ಒರೆಸಿದವನು. ಹದಿನಾಲ್ಕು ತಿಂಗಳ ಹಿಂದೆ ರಾಟೆ ಸಿಕ್ಕಿಹಾಕಿಕೊಂಡು ಹನ್ನೊಂದನೇ ಮಹಡಿಯ ಹೊರಗೆ ನಲವತ್ತು ನಿಮಿಷ ನೇತಾಡಿದೆ. ಅಂದಿನಿಂದ ಸ್ಟೂಲು ಹತ್ತಲಾರೆ. ಮನೆ ಮೂರನೇ ಮಹಡಿಯಲ್ಲಿ, ನಾನಿರುವುದು ನೆಲಮಾಳಿಗೆಯಲ್ಲಿ, ಸೈಕಲ್ಲುಗಳ ಪಕ್ಕ. ತಾಯಿಯಿಲ್ಲದ ಏಳು ವರ್ಷದ ಮಗಳು ಮೇಲೆ ನನ್ನ ಅಕ್ಕನ ಜೊತೆ ಮಲಗುತ್ತಾಳೆ. ಹೋದ ತಿಂಗಳು ಅವಳಿಗೆ ನಾಲ್ಕು ದಿನ ಜ್ವರ. ನಾನು ನಾಲ್ಕು ದಿನವೂ ಮೊದಲ ಮೆಟ್ಟಿಲ ಮೇಲೆ ಕೂತಿದ್ದೆ.’ ಎರಡು ಗೆರೆ ಸಾಲದೆ ಅಂಚಿನಲ್ಲೆಲ್ಲ ಬರೆದೆ.

ಇಲ್ಲಿನ ಡಾಕ್ಟರಿಗೆ ನಾನು ‘ಇರಬಹುದು ಡಾಕ್ಟರು’ ಎಂದು ಹೆಸರಿಟ್ಟಿದ್ದೇನೆ. “ವಾಸಿ ಆಗುತ್ತಾ ಸಾರ್?” ಅಂದೆ. “ಆಗಬಹುದು.” “ಅಪಾಯ ಏನಾದರೂ?” “ಇರಬಹುದು.” “ಊಟ ಎಷ್ಟು ಗಂಟೆಗೆ?” ಸ್ವಲ್ಪ ಯೋಚಿಸಿ, “ಒಂದಕ್ಕೆ ಇರಬಹುದು” ಅಂದರು.

ಎಂಟನೇ ತಾರೀಕು ಒಂದು ಮಾತ್ರೆ ಕೊಡುತ್ತಾರೆ. ಯಾವುದೋ ಅಣಬೆಯಲ್ಲಿ ಇರುವಂಥದ್ದೇ ವಸ್ತುವಂತೆ. ಆರು ಗಂಟೆ ಹೊತ್ತು ಇಲ್ಲದ್ದೆಲ್ಲ ಕಾಣುತ್ತದಂತೆ. ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಅವರ ಹುದ್ದೆಯ ಹೆಸರೇ ‘ಜೊತೆಗಾತಿ’. ಫೋನುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ, ಇಲ್ಲಿಂದ ಹೊರಡುವವರೆಗೆ ಕಾಗದವೇ ಗತಿ. ಮಾತ್ರೆ ಕೊಟ್ಟ ಮೇಲೆ ಹದಿನಾಲ್ಕು ದಿನ ಕಿಟಕಿ ತೆರೆದಿರುತ್ತದಂತೆ. ಅದೇ ಚಿಕಿತ್ಸೆಯ ಮುಖ್ಯ ಭಾಗವಂತೆ. ವಿವರವಾಗಿ ಬರೆಯೋಣವೆಂದರೆ ಟಪಾಲಿನ ಚೀಲ ಹೊರಟಿದೆ.

ಬಟಾಣಿಗೆ ಹೇಳು, ಅಪ್ಪ ಮೂರನೇ ಮಹಡಿ ಹತ್ತುವುದನ್ನು ಕಲಿಯಲು ಹೋಗಿದ್ದಾನೆ ಅಂತ.

ನಿನ್ನ ತಮ್ಮ


ಫೆಬ್ರವರಿ 6

ಪ್ರೀತಿಯ ಮರಿ,

ನಿನ್ನ ಕಾಗದ ಈಗ ಬಂತು. ಓದಿ ಕೈಕಾಲು ತಣ್ಣಗಾದವು. ಹೀಗಾಗಿ ಅಕ್ಷರ ಸೊಟ್ಟಗಿದ್ದರೆ ಆಡಿಕೊಳ್ಳಬೇಡ.

ಇಲ್ಲದ್ದೆಲ್ಲ ಕಾಣುವ ಮಾತ್ರೆ ಕೊಡುತ್ತಾರೆ. ಸರಿ. ಕೊಟ್ಟ ಮೇಲೆ ಕಿಟಕಿ ತೆರೆದಿಡುತ್ತಾರೆ. ಒಂದು ಗಂಟೆಯಲ್ಲ, ಒಂದು ದಿನವಲ್ಲ, ಹದಿನಾಲ್ಕು ದಿನ. ಯಾರಿಗೆ? ಕಿಟಕಿ ಕಂಡರೆ ಬೆವರುವವನಿಗೆ. ಇದನ್ನು ಚಿಕಿತ್ಸೆಯ ಮುಖ್ಯ ಭಾಗ ಎಂದು ಕರೆದಿರುವ ಮಹನೀಯರನ್ನು ಒಮ್ಮೆ ನೋಡಬೇಕು ಅನ್ನಿಸಿದೆ. ಆ ಕೋಣೆ ಯಾವ ಮಹಡಿಯಲ್ಲಿದೆ? ಕಿಟಕಿಗೆ ಸರಳು ಇದೆಯೇ? ಇದನ್ನೆಲ್ಲ ಬಿಟ್ಟು ಊಟ ಎಷ್ಟು ಗಂಟೆಗೆ ಎಂದು ಕೇಳಿದ್ದೀಯಲ್ಲ, ನಿನ್ನ ಜಾಣತನಕ್ಕೆ ಏನು ಹೇಳಲಿ.

ಅಲ್ಲಿಗೆ ಫೋನು ಮಾಡೋಣವೆಂದು ಎರಡು ಸಲ ಎತ್ತಿಕೊಂಡೆ. ಮಾಡಲಿಲ್ಲ. ಅವರು ನಯವಾಗಿ ಮಾತಾಡುತ್ತಾರೆ, ನಾನು ಕರಗಿ ನೀರಾಗುತ್ತೇನೆ, ಕಿಟಕಿ ಮಾತ್ರ ತೆರೆದೇ ಇರುತ್ತದೆ. ನನಗೆ ಗೊತ್ತಿರುವ ಕೆಲಸ ಒಂದೇ. ಇಪ್ಪತ್ತಾರು ವರ್ಷದಿಂದ ಈ ಕಂಪನಿಯ ಇಸ್ತ್ರಿಪೆಟ್ಟಿಗೆಗಳಿಗೂ ನೀರು ಕಾಯಿಸುವ ಯಂತ್ರಗಳಿಗೂ ಎಚ್ಚರಿಕೆ ಬರೆದವಳು ನಾನು. ನನ್ನ ಎಚ್ಚರಿಕೆ ಓದಿದವರಿಗೆ ಕಂಪನಿಯ ಹೆಸರು ಮರೆತುಹೋಗುತ್ತದೆ, ಎಚ್ಚರಿಕೆ ಮರೆಯುವುದಿಲ್ಲ. ಗುಟ್ಟು ಇಷ್ಟೇ: ಮಾತು ಚಿಕ್ಕದಿರಬೇಕು, ಆಜ್ಞೆ ಕೊನೆಗೆ ಬರಬೇಕು, ಮೂರು ಸಲ ಹೇಳಬೇಕು. ತಲೆಗೆ ನೆನಪಿದ್ದರೆ ಸಾಲದು, ಕೈಕಾಲಿಗೆ ನೆನಪಿರಬೇಕು.

ನಿನಗಾಗಿ ಬರೆದಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಟ್ಟಿಯಾಗಿ ಓದು.

ಕಿಟಕಿಯಿಂದ ಹಿಂದೆ ಸರಿ.
ಕೆಳಗೆ ನೋಡಬೇಡ.
ಯಾರು ಕರೆದರೂ ಹೋಗಬೇಡ.

ಬಟಾಣಿ ಚೆನ್ನಾಗಿದ್ದಾಳೆ. ಅಪ್ಪನಿಗೆ ಮೆಟ್ಟಿಲು ಹತ್ತಲು ಬರಲ್ವಾ, ನಾನು ಹೇಳಿಕೊಡ್ತಿದ್ದೆ ಅಂದಳು.

ನಿನ್ನ ಅಕ್ಕ


ಫೆಬ್ರವರಿ 10

ಅಕ್ಕಾ,

ಮುಗಿಯಿತು. ಬದುಕಿದ್ದೇನೆ. ಎರಡೂ ಒಟ್ಟಿಗೇ ಹೇಳುತ್ತಿದ್ದೇನೆ, ನೀನು ಮೊದಲ ಸಾಲಿಗೇ ಎದೆ ಹಿಡಿದುಕೊಳ್ಳಬಾರದೆಂದು.

ಮಾತ್ರೆ ನುಂಗಿ ಮಲಗಿದೆ. ಅರ್ಧ ಗಂಟೆ ಏನೂ ಇಲ್ಲ. ಮೋಸ ಹೋದೆ ಅಂದುಕೊಳ್ಳುವಷ್ಟರಲ್ಲಿ ಚಾವಣಿ ಉಸಿರಾಡಲು ಶುರು ಮಾಡಿತು. ಭಯವಾಗಲಿಲ್ಲ, ಒಳ್ಳೆಯ, ಸಂಭಾವಿತ ಚಾವಣಿ. ಪರದೆಯ ಮೇಲಿನ ಹೂಗಳು ಒಂದೊಂದಾಗಿ ಬಂದು ಪರಿಚಯ ಹೇಳಿಕೊಂಡವು. ನಾನು ತೀರಾ ಚಿಕ್ಕವನಾದೆ, ಕಾಲು ನೆಲಕ್ಕೆ ಎಟುಕದಷ್ಟು. ನಡುವೆ ಸ್ವಲ್ಪ ಹೊತ್ತು ಅಂಗಿಯ ಕಾಲರು ಕುತ್ತಿಗೆಗೆ ಬಿಗಿಯಿತು. ಸಡಿಲಿಸೋಣವೆಂದು ಕೈ ಹಾಕಿದರೆ ನಾನು ಹಾಕಿಕೊಂಡಿದ್ದು ಕಾಲರಿಲ್ಲದ ಅಂಗಿ. ಅದು ಬಿಡು. ಒಟ್ಟಿನಲ್ಲಿ ಚಂದ ಇತ್ತು.

ಮರುದಿನದಿಂದ ಪಾಠ. ಮೊದಲನೇ ಮಹಡಿಯಲ್ಲಿ ಒಂದು ಖಾಲಿ ಕೋಣೆ, ಅದಕ್ಕೆ ಗೋಡೆಯಷ್ಟು ದೊಡ್ಡ ಕಿಟಕಿ. ಜೊತೆಗಾತಿ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ, ಕಿಟಕಿಯ ಕಡೆಗೆ ನಡೆಸುತ್ತಾರೆ, ಇನ್ನು ಆಗದು ಅಂದಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಒಂಬತ್ತರಂದು ಒಂಬತ್ತು ಅಡಿ ದೂರ. ಇವತ್ತು ಬೆಳಿಗ್ಗೆ ಆರು ಅಡಿ. ಅಕ್ಕಾ, ಆರು ಅಡಿ. ಹೊರಗೊಂದು ನೀರಿನ ಟ್ಯಾಂಕು ಕಂಡಿತು. ಹದಿನಾಲ್ಕು ತಿಂಗಳಲ್ಲಿ ನಾನು ಕಂಡ ಅತಿ ಎತ್ತರದ ವಸ್ತು ಅದು. ಜೊತೆಗಾತಿ ಚಪ್ಪಾಳೆ ತಟ್ಟಿದರು. ನಾನು ಅತ್ತೆ, ಸ್ವಲ್ಪವೇ.

ನಿನ್ನ ಕಾಗದ ನಿನ್ನೆ ಬಂತು. ನೀನು ಹೇಳಿದಂತೆಯೇ ದಿನಕ್ಕೆ ಮೂರು ಸಲ ಗಟ್ಟಿಯಾಗಿ ಓದುತ್ತಿದ್ದೇನೆ. ಓದುವಾಗ ನಿನ್ನ ದನಿಯೇ ಕೇಳಿಸುತ್ತದೆ. ಮನೆಯಲ್ಲೇ ಇದ್ದ ಹಾಗಾಗುತ್ತದೆ.

ನಿನ್ನ ತಮ್ಮ


ಫೆಬ್ರವರಿ 11

ಮರಿ,

ಮಾತ್ರೆ ನುಂಗಿ ಮೂರು ದಿನವಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಇವತ್ತು ಕೆಲಸದ ನಡುವೆ ಮುದ್ರಣ ವಿಭಾಗಕ್ಕೆ ಹೋಗಿ, ಹಳದಿ ದಪ್ಪ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಇದನ್ನು ಅಚ್ಚು ಹಾಕಿಸಿದೆ. ಯಾವ ಯಂತ್ರಕ್ಕೆ ಇದು ಎಂದು ಅಲ್ಲಿಯವರು ಕೇಳಿದರು. ಹೊಸ ಮಾದರಿ ಅಂದೆ. ಹಾಸಿಗೆಯ ಎದುರಿನ ಗೋಡೆಗೆ ಅಂಟಿಸು. ಕಣ್ಣು ಬಿಟ್ಟ ತಕ್ಷಣ ಇದೇ ಕಾಣಬೇಕು.

ಎಚ್ಚರಿಕೆ
ಕಿಟಕಿಯಿಂದ ಹಿಂದೆ ಸರಿ.
ಕಿಟಕಿಯಿಂದ ಹಿಂದೆ ಸರಿ.
ಕಿಟಕಿಯಿಂದ ಹಿಂದೆ ಸರಿ.


ಫೆಬ್ರವರಿ 13

ಮರಿ,

ನಿನ್ನ ಹತ್ತನೇ ತಾರೀಕಿನ ಕಾಗದ ಬಂತು. ಬದುಕಿದ್ದೀಯ ಎಂಬ ಭಾಗದವರೆಗೆ ಸಂತೋಷವಾಗಿಯೇ ಓದಿದೆ.

ಹಾಗಾದರೆ ನನ್ನ ಅನುಮಾನ ನಿಜ. ತೆರೆದ ಕಿಟಕಿಯ ಕಡೆಗೆ ದಿನಕ್ಕೆ ಮೂರು ಅಡಿಯಂತೆ ನಿನ್ನನ್ನು ಕೈ ಹಿಡಿದು ನಡೆಸುತ್ತಿದ್ದಾರೆ. ನನಗೂ ಲೆಕ್ಕ ಬರುತ್ತದೆ. ಇವತ್ತಿಗೆ ನೀನು ಕಿಟಕಿಯ ಆಚೆ ಇರಬೇಕು. ಚಪ್ಪಾಳೆ ಬೇರೆ ತಟ್ಟುತ್ತಾರೆ. ಪರದೆಯ ಹೂಗಳ ಜೊತೆ ಮಾತಾಡಿದವನಿಗೆ ಗಾಳಿಯೂ ನೆಲದ ಹಾಗೆ ಕಂಡರೆ ಏನು ಗತಿ?

ನಾನು ಹೊರಟುಬರಬೇಕು. ಬಟಾಣಿಯನ್ನು ಯಾರ ಹತ್ತಿರ ಬಿಡಲಿ? ನೋಡಿಕೊಳ್ಳುವವರು ಸಿಕ್ಕಿದರೂ ಅವರ ಮನೆ ಯಾವ ಮಹಡಿಯಲ್ಲಿದೆಯೋ. ನಗಬೇಡ.

ಒಂದೇ ಸಮಾಧಾನ ಅಂದರೆ ನೀನು ಮೂರು ಹೊತ್ತೂ ಓದುತ್ತಿದ್ದೀಯ. ಬಿಡಬೇಡ. ಐದು ಸಲ ಮಾಡು. ಬಟಾಣಿಗೂ ಕಲಿಸಿದ್ದೇನೆ, ಒಂದು ತಪ್ಪಿಲ್ಲದೆ ಒಪ್ಪಿಸುತ್ತಾಳೆ, ನನ್ನ ಕೈಬೆರಳು ಆಡಿಸುವುದನ್ನೂ ಸೇರಿಸಿ. ನೋಡಿದ್ದರೆ ನೀನೇ ಮೆಚ್ಚುತ್ತಿದ್ದೆ.

ಅವರು ಎಳೆದರೆ ನೆಲದ ಮೇಲೆ ಕೂತುಬಿಡು.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ,

ನಿನ್ನ ಹಳದಿ ಕಾರ್ಡು ಬೆಳಿಗ್ಗೆ ಬಂತು, ಅಂಟಿಸಿದೆ. ಮಧ್ಯಾಹ್ನ ಇರಬಹುದು ಡಾಕ್ಟರು ಸುತ್ತು ಬಂದಾಗ ಅದನ್ನು ನೋಡಿ ನಕ್ಕರು. “ಯಾರು ಇವರು, ಇಷ್ಟು ಪ್ರೀತಿ?” ಅಂದರು.

“ನಮ್ಮಕ್ಕ ಸಾರ್. ಮೊದಲಿನದೂ ಇದೆ. ದಿನಕ್ಕೆ ಮೂರು ಸಲ ಗಟ್ಟಿಯಾಗಿ ಓದ್ತೀನಿ.”

“ಯಾವತ್ತಿಂದ?”

“ಮಾತ್ರೆ ತಗೊಂಡ ಮರುದಿನದಿಂದ.”

ನಗು ನಿಂತಿತು. ಇರಬಹುದು ಎಂದು ಕೂಡ ಅನ್ನಲಿಲ್ಲ. ಹೊರಗೆ ಹೋಗಿ ಜೊತೆಗಾತಿಯನ್ನು ಕರೆತಂದರು. ಅವರು ಕಾರ್ಡನ್ನು ಕಿತ್ತು, ಕಾಗದವನ್ನೂ ತೆಗೆದುಕೊಂಡು, “ಇನ್ಮೇಲೆ ಬಂದದ್ದನ್ನ ನಾನು ನೋಡಿ ಕೊಡ್ತೀನಿ” ಅಂದರು. “ತಗೊಂಡು ಹೋಗಿ ಮೇಡಂ, ನನಗೆ ಬಾಯಿಪಾಠ ಆಗಿದೆ” ಅಂದೆ. ಅವರಿಗೆ ಅನುಕೂಲವಾಗಲಿ ಎಂದೇ ಹೇಳಿದ್ದು. ಅವರ ಮುಖ ಸಣ್ಣದಾಯಿತು.

ಆಮೇಲೆ ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಅಯ್ಯೋ ಅಕ್ಕಾ, ಆ ಕಿಟಕಿ ಗಾಜಿನ ಕಿಟಕಿಯಲ್ಲ. ಮೊದಲ ದಿನ ನಾನು ಅವಸರದಲ್ಲಿ ಬರೆದದ್ದಕ್ಕೆ ನೀನು ಗೋಡೆಯ ಕಿಟಕಿ ಅಂದುಕೊಂಡೆ. ಅದು ತಲೆಯೊಳಗಿನದು. ಮಿದುಳಿನ ಕೋಶಗಳಿಗೆ ಮರದ ಹಾಗೆ ಕೊಂಬೆಗಳಿರುತ್ತವಂತೆ. ಮಕ್ಕಳಲ್ಲಿ ಅವು ಎಳಸು, ಬೇಕಾದ ಕಡೆ ಬಾಗುತ್ತವೆ; ದೊಡ್ಡವರಾದ ಮೇಲೆ ಬಲಿತುಹೋಗುತ್ತವೆ. ಈ ವಸ್ತು ಕೊಟ್ಟ ಇಲಿಗಳಲ್ಲಿ ಕೊಂಬೆಗಳ ಮೇಲೆ ಹೊಸ ಮೊಗ್ಗು ಬಂದದ್ದನ್ನು ನೋಡಿದ್ದಾರೆ. ಮನುಷ್ಯರಲ್ಲೂ ಆಗಬಹುದು. ಕೆಲವು ದಿನ ತಲೆ ಮಗುವಿನ ತಲೆಯಷ್ಟೇ ಮೆತ್ತಗಾಗಬಹುದು, ಆಗ ಕಲಿಸಿದ್ದು ಇಳಿಯಬಹುದು, ಆಮೇಲೆ ಹಾಗೆಯೇ ಗಟ್ಟಿಯಾಗಬಹುದು. ಆ ಮೆತ್ತಗಿನ ದಿನಗಳಿಗೆ ಇವರು ಕಿಟಕಿ ಅನ್ನುತ್ತಾರೆ. ಇಪ್ಪತ್ತೆರಡಕ್ಕೆ ಮುಚ್ಚಬಹುದು ಎಂದು ಇವರ ಅಂದಾಜು. ಅದಕ್ಕೇ ನನ್ನನ್ನು ದಿನಾ ಆ ಕೋಣೆಗೆ ಕರೆದೊಯ್ಯುವುದು.

“ಒಳ್ಳೇದು ಮಾತ್ರ ಇಳಿಯುತ್ತಾ ಸಾರ್?” ಅಂದೆ. ಅವರು ತಮ್ಮ ಪೆನ್ನಿನ ಮುಚ್ಚಳವನ್ನು ಬಿಚ್ಚಿದರು, ಹಾಕಿದರು. “ಅದಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ” ಅಂದರು.

ಹನ್ನೊಂದರಂದು ಎಂಟು ಅಡಿ. ಹನ್ನೆರಡರಂದು ಹನ್ನೊಂದು. ನಿನ್ನೆ ಬಾಗಿಲಿನಿಂದ ಒಳಗೆ ಕಾಲಿಡಲಾಗಲಿಲ್ಲ. ಇವತ್ತು ಮೆಟ್ಟಿಲ ಬುಡದಲ್ಲಿ ನಿಂತು, ನನಗೇ ತಿಳಿಯದಂತೆ, ನಿನ್ನ ಮೂರು ಸಾಲು ಹೇಳುತ್ತಿದ್ದೆನಂತೆ. ಜೊತೆಗಾತಿ ಹೇಳಿದ ಮೇಲೆ ಗೊತ್ತಾಯಿತು.

ನೀನು ಗಾಬರಿ ಮಾಡಿಕೊಳ್ಳಬೇಡ. ಬಟಾಣಿಗೆ ಮುತ್ತು.

ನಿನ್ನ ತಮ್ಮ


ಫೆಬ್ರವರಿ 17

ಜೊತೆಗಾತಿಯವರೇ, ಇದನ್ನು ಮೊದಲು ಒಡೆಯುವವರು ನೀವೇ ಎಂದು ಗೊತ್ತು. ನಿಮ್ಮ ಆಫೀಸಿಗೆ ಫೋನು ಮಾಡಿದೆ. ಅವನನ್ನು ಕರೆಯಲಾಗುವುದಿಲ್ಲ, ಕಾಗದಗಳನ್ನು ತಡೆದಿಟ್ಟಿದ್ದೇವೆ ಅಂದರು. ಇನ್ನೊಂದು ಬರೆಯುತ್ತೇನೆ, ಅದನ್ನಾದರೂ ಕೊಡುತ್ತೀರಾ ಅಂದೆ. ಕೊಡಬಹುದು ಅಂದರು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಕಾಯಿಲೆ. ಇದನ್ನು ಓದಿ. ನಿಮಗೆ ಸರಿಯೆನಿಸಿದರೆ ಕೊಡಿ. ಹದಿಮೂರರ ಕಾಗದವನ್ನು ಒಲೆಗೆ ಹಾಕಿ.

ಮರಿ,

ಇಂದು ಹದಿನೇಳು. ಇದು ನಿನ್ನನ್ನು ತಲುಪುವಾಗ ಇಪ್ಪತ್ತು. ಎರಡು ದಿನ ಉಳಿದಿರುತ್ತದೆ.

ಈ ಕಾಗದ ಬರೆಯಲು ಬೆಳಿಗ್ಗೆಯಿಂದ ಕೂತಿದ್ದೇನೆ. ನಾಲ್ಕು ಹಾಳೆ ಹರಿದೆ. ನಾಲ್ಕರಲ್ಲೂ ಎರಡನೇ ಸಾಲಿಗೇ ‘ಬೇಡ’ ಬಂದುಬಿಟ್ಟಿತ್ತು. ‘ಹೆದರಬೇಡ’ ಎಂದು ಬರೆದೆ, ಅದರಲ್ಲೂ ಇದೆ. ‘ನಾನು ಬರೆದದ್ದನ್ನು ನಂಬಬೇಡ’ ಎಂದೆ, ಅದರಲ್ಲೂ. ಇಪ್ಪತ್ತಾರು ವರ್ಷದ ಅನುಭವಿ, ‘ಬೇಡ’ ಎಂಬ ಪದ ಬಿಟ್ಟು ಒಂದು ಪುಟ ಬರೆಯಲಾರದೆ ಕೂತಿದ್ದೇನೆ. ಕಂಪನಿಯವರು ನೋಡಿದರೆ ಹೆಮ್ಮೆ ಪಡುತ್ತಾರೆ.

ನಿನ್ನ ಕಾಲರಿನ ವಿಷಯ ಓದಿದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯಿತು ಕೂಡ. ಮುಂದಿನ ಸಾಲಿಗೆ ಓಡಿದೆ.

ಅಮ್ಮ ತೀರಿಕೊಂಡ ವರ್ಷ ನಿನಗೆ ನಾಲ್ಕು, ನನಗೆ ಹತ್ತು. ನಾವಿದ್ದ ಮನೆಯ ತಾರಸಿಗೆ ಮೋಟುಗೋಡೆ ಇರಲಿಲ್ಲ. ನಾನು ಬಟ್ಟೆ ಹರವುತ್ತಿದ್ದೆ. ತಿರುಗಿ ನೋಡಿದರೆ ನೀನು ಅಂಚಿನಲ್ಲಿ ಕೂತು ಕಾಲು ಆಡಿಸುತ್ತಿದ್ದೆ. ಹಿಂದಿನಿಂದ ಬಂದು ಕಾಲರು ಹಿಡಿದೆ. ನೀನು ಅಳಲಿಲ್ಲ, ನಕ್ಕೆ. ಅದೇ ನನಗೆ ಭಯವಾದದ್ದು, ನೀನು ನಕ್ಕದ್ದು. ಹೆದರಿಕೆಯೇ ಇಲ್ಲದ ಮಗುವನ್ನು ಹತ್ತು ವರ್ಷದ ನಾನು ಕಾಯುವುದು ಹೇಗೆ? ಮರುದಿನದಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿನ್ನನ್ನು ಅಂಚಿನ ಹತ್ತಿರ ಕರೆದೊಯ್ದು, ಕಾಲರು ಹಿಡಿದು, ಕೆಳಗೆ ತೋರಿಸಿ ಹೇಳಿದೆ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವಾರವಾಗುವ ಹೊತ್ತಿಗೆ ನೀನು ತಾರಸಿಯ ಬಾಗಿಲಿಗೇ ಅಳಲು ಶುರು ಮಾಡಿದೆ. ನಾನು ನೆಮ್ಮದಿಯಿಂದ ಬಟ್ಟೆ ಹರವಿದೆ.

ಮೂರು ಸಲ ಹೇಳಿದರೆ ಕೈಕಾಲಿಗೆ ಇಳಿಯುತ್ತದೆಂದು ನನಗೆ ಕಂಪನಿಯವರು ಕಲಿಸಲಿಲ್ಲ. ನಾನು ಅದನ್ನು ನಿನ್ನ ಮೇಲೆಯೇ ಕಲಿತೆ.

ನಿನ್ನ ತಲೆ ಎರಡು ಸಲ ಮೆತ್ತಗಾಯಿತು, ಮರಿ. ಎರಡು ಸಲವೂ ನಾನೇ ಕೈಗೆ ಸಿಕ್ಕಿದೆ.

ಈಗ ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕ ಕೂತಿದ್ದೇನೆ. ಕಾಣುವುದನ್ನು ಬರೆಯುತ್ತೇನೆ. ಎದುರು ಮನೆಯವರು ನೀಲಿ ಹೊದಿಕೆ ಒಣಹಾಕಿದ್ದಾರೆ. ಕೆಳಗೆ, ಬಹಳ ಕೆಳಗೇನೂ ಅಲ್ಲ, ಒಬ್ಬ ಹೆಂಗಸು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾಳೆ. ಅವಳ ಬೈತಲೆ ಸೊಟ್ಟಗಿದೆ. ಮೇಲಿನಿಂದ ನೋಡಿದರೆ ಮಾತ್ರ ತಿಳಿಯುವಂಥದ್ದು. ಬಟಾಣಿ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ನಿನ್ನ ಮುಖ ಬರೆದಿದ್ದಾಳೆ. ಕಿವಿ ದೊಡ್ಡದಾಯಿತು. ಇಷ್ಟೇ, ಬೇರೇನೂ ಇಲ್ಲ. ಬಂದು ನೋಡು.

ಅಕ್ಕ


ಫೆಬ್ರವರಿ 23

ಅಕ್ಕಾ,

ನಿನ್ನ ಕಾಗದ ಇಪ್ಪತ್ತಕ್ಕೇ ಬಂದಿತ್ತಂತೆ. ಜೊತೆಗಾತಿ ಒಂದು ದಿನ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಇಪ್ಪತ್ತೊಂದರ ಸಂಜೆ ಕೊಟ್ಟರು. “ಒಂದೇ ಸಲ ಓದಿ” ಅಂದರು. ಒಂದೇ ಸಲ ಓದಿದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳಿಬಿಡುತ್ತೇನೆ, ಎದುರಿಗಿದ್ದರೆ ಹೇಳಲಾಗುತ್ತಿರಲಿಲ್ಲ.

ಅಷ್ಟು ಹೆದರುಪುಕ್ಕಲ ಮಗು ಹೋಗಿ ಹೋಗಿ ಹಗ್ಗದ ಕೆಲಸಕ್ಕೆ ಯಾಕೆ ಸೇರಿತು ಎಂದು ನೀನು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆಯಲ್ಲ. ಧೈರ್ಯ ಬಂತು ಅಂತ ನೀನು ಅಂದುಕೊಂಡಿದ್ದೆ. ಧೈರ್ಯವಲ್ಲ. ಮೊದಲ ಸಲ ಹಲಗೆಯ ಮೇಲೆ ಕೂರಿಸಿ ಇಳಿಸಿದಾಗ ಜೀವ ಬಾಯಿಗೆ ಬಂದಿತ್ತು. ಮೋಟುಗೋಡೆಯ ಮರೆ ದಾಟಿದ ಮೇಲೆ ಗಾಳಿ ಶುರುವಾಯಿತು. ಎಂಥ ಗಾಳಿ ಅಂದರೆ ಕಿವಿಯಲ್ಲಿ ಬೇರೇನೂ ಕೇಳಿಸುವುದಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ನಿನ್ನ ದನಿ ನನ್ನ ತಲೆಯಲ್ಲಿ ಇರಲಿಲ್ಲ. ಅದಕ್ಕಾಗಿಯೇ ಇಪ್ಪತ್ತೊಂದು ವರ್ಷ ಹೋದೆ. ಬೈಗುಳವಲ್ಲ ಇದು. ಮನೆಗೆ ಬಂದರೆ ನಿನ್ನ ಜೊತೆ ಇಷ್ಟು ವರ್ಷ ನಗುತ್ತಾ ಇರಲು ಸಾಧ್ಯವಾದದ್ದೂ ಅದರಿಂದಲೇ.

ರಾಟೆ ನಿಂತ ದಿನ ಗಾಳಿಯೂ ನಿಂತಿತು. ನಲವತ್ತು ನಿಮಿಷ. ಹಗ್ಗ ಗಟ್ಟಿಯಾಗಿತ್ತು, ಬೀಳುವ ಭಯ ನನಗಿರಲಿಲ್ಲ. ಆ ನಿಶ್ಶಬ್ದದಲ್ಲಿ ಹಿಂದಿನಿಂದ ನೀನು ಬಂದೆ. ಮಾತ್ರೆಯ ದಿನವೂ ಹಾಗೆಯೇ ಬಂದೆ. ಚಂದ ಇತ್ತು ಎಂದು ಬರೆದೆನಲ್ಲ, ಅದು ಅರ್ಧ ಗಂಟೆಯ ಮಾತು. ಉಳಿದ ಐದೂವರೆ ಗಂಟೆ ನಾನು ಆ ತಾರಸಿಯ ಮೇಲಿದ್ದೆ.

ನಿನ್ನೆ ಕೊನೆಯ ದಿನ. ಮೆಟ್ಟಿಲು ಹತ್ತಿದೆ. ಕೋಣೆಯ ಒಳಗೆ ಹೋದೆ. ಹಳೆಯ ಸೀಮೆಸುಣ್ಣದ ಗೆರೆಗಳು ಅಲ್ಲೇ ಇದ್ದವು. ದನಿ ಬಂತು, ನೀನು ಅಚ್ಚು ಹಾಕಿಸಿದ್ದೇ, ಕೆಂಪಗೆ. ಅದು ಹೇಳುತ್ತಿದ್ದ ಹಾಗೆಯೇ ನಾನು ಆ ಹೆಂಗಸಿನ ಸೊಟ್ಟ ಬೈತಲೆಯನ್ನು ನೆನೆಸಿಕೊಂಡೆ. ಗಾಜಿಗೆ ಅಂಗೈ ತಾಗಿಸಿದೆ. ಹನ್ನೊಂದು ಎಣಿಸುವವರೆಗೆ. ಹನ್ನೆರಡಕ್ಕೆ ಕಾಲು ಕುಸಿಯಿತು, ಜೊತೆಗಾತಿ ಎತ್ತಿಕೊಂಡು ಬಂದರು.

“ಮುಚ್ಚಿತಾ ಸಾರ್?” ಎಂದು ಕೇಳಿದೆ. “ಮುಚ್ಚಿರಬಹುದು. ಸ್ವಲ್ಪ ಸಂದಿ ಉಳಿದಿರಬಹುದು.” “ಒಳಗೆ ಉಳಿದದ್ದು ಯಾವುದು, ಹಳದಿ ಕಾರ್ಡೋ, ಬೈತಲೆಯೋ?” ಅವರಿಗೆ ನಗು ಬರಲಿಲ್ಲ. ಎರಡೂ ಇರಬಹುದು ಅಂದರು. ಇನ್ನೊಂದು ಮಾತ್ರೆ ಕೊಡಿ ಅಂದೆ. ನಿಯಮದಲ್ಲಿ ಇಲ್ಲವಂತೆ.

ಒಂದನೇ ತಾರೀಕು ಹೊರಟು ಎರಡಕ್ಕೆ ಬರುತ್ತೇನೆ. ಸೈಕಲ್ಲುಗಳ ಪಕ್ಕದ ಹಾಸಿಗೆ ಹಾಗೇ ಇರಲಿ.

ನಿನ್ನ ತಮ್ಮ


ಫೆಬ್ರವರಿ 26

ಮರಿ,

ನಿನ್ನ ಕಾಗದಕ್ಕೆ ಉತ್ತರವಾಗಿ ಬರೆಯಬೇಕಾದದ್ದು ಬಹಳ ಇದೆ. ಅದಕ್ಕೆ ನನ್ನ ಹತ್ತಿರ ಭಾಷೆಯಿಲ್ಲ, ನನಗೆ ಬರುವುದು ಎಚ್ಚರಿಕೆಯ ಭಾಷೆ ಒಂದೇ. ಆದ್ದರಿಂದ ಇವತ್ತು ಕಂಡದ್ದನ್ನು ಮಾತ್ರ ತಿಳಿಸುತ್ತೇನೆ.

ಕೆಲಸದಿಂದ ಬಂದೆ. ಬಟಾಣಿ ನಡುಮನೆಯ ಕಿಟಕಿಯ ಕಟ್ಟೆಯ ಮೇಲೆ ತನ್ನ ಗೊಂಬೆಯನ್ನು ಕೂರಿಸಿದ್ದಳು. ತಾನು ಹಿಂದೆ ನಿಂತು ಗೊಂಬೆಯ ಅಂಗಿಯ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಹಾಗೆ ಹಿಡಿಯುವುದನ್ನು ನಾನು ಅವಳಿಗೆ ಎಂದೂ ತೋರಿಸಿಲ್ಲ, ದೇವರಾಣೆ. ಮೂರು ಸಾಲನ್ನೂ ಹೇಳಿದಳು. ನನ್ನದೇ ರಾಗ. ಆಮೇಲೆ ಗೊಂಬೆಯನ್ನು ಇಳಿಸಿ, ಇನ್ನೊಂದು ಸಲ ಕೂರಿಸಿ, ಮತ್ತೆ ಹೇಳಿದಳು. ನಾನು ಬಾಗಿಲಲ್ಲಿ ನಿಂತೇ ಎಣಿಸಿದೆ. ಮೂರು ಸಲ.

“ಸಾಕು ಕಂದಾ” ಅಂದೆ.

“ಅತ್ತೆ, ಇವಳು ಮೊದಲು ನಗ್ತಿದ್ದಳು. ಈಗ ನಗಲ್ಲ ನೋಡು” ಅಂದಳು.

ಕಿಟಕಿ ತೆರೆದಿಡಲು ಈ ವಯಸ್ಸಿನವರಿಗೆ ಯಾವ ಮಾತ್ರೆಯೂ ಬೇಕಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಇಷ್ಟು ದಿನ ನಿನ್ನ ಹದಿನಾಲ್ಕು ದಿನ ಎಣಿಸುತ್ತಾ ಕೂತಿದ್ದೆ.

ಆಗಿನಿಂದ ಮನೆಯಲ್ಲಿ ನಾನು ಬಾಯಿ ಬಿಡಲು ಹೆದರುತ್ತಿದ್ದೇನೆ. ಹಾಲು ಬಿಸಿಯಿದೆ ಎನ್ನುವುದಕ್ಕೂ ಧೈರ್ಯ ಸಾಲುವುದಿಲ್ಲ. ಬೇಗ ಬಾ.

ಅಕ್ಕ


ಮಾರ್ಚ್ 2, ಸಂಜೆ ಐದೂಕಾಲು
ಎರಡನೇ ಮಹಡಿಯ ತಿರುವು

ಅಕ್ಕಾ,

ಇದನ್ನು ಬಟಾಣಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಟಪಾಲಿಗಿಂತ ಬೇಗ ತಲುಪುತ್ತದೆ, ಒಡೆದು ಓದುವವರೂ ಇಲ್ಲ.

ನೀನು ಮನೆಯೊಳಗಿದ್ದೀಯ ಎಂದು ಗೊತ್ತು. ಬಸ್ಸು ಬೇಗ ಬಂತು. ಬಟಾಣಿ ಕೆಳಗೆ ಆಡುತ್ತಿದ್ದಳು, ನಾವಿಬ್ಬರೂ ಸುಮ್ಮನೆ ಶುರು ಮಾಡಿದೆವು. ಮೊದಲ ಮಹಡಿಯವರೆಗೆ ಗೋಡೆ ಹಿಡಿದು ಬಂದೆ. ಎರಡನೆಯದಕ್ಕೆ ಕೈಕಾಲು ನಾಲ್ಕೂ ಊರಿ ಬಂದೆ. ಮೊದಲ ಮಹಡಿಯ ಮನೆಯವರು ಬಾಗಿಲು ತೆಗೆದು ನೋಡಿ, ಏನೋ ಕಳೆದುಕೊಂಡಿದ್ದಾನೆ ಅಂದುಕೊಂಡು, ಏನು ಬಿದ್ದುಹೋಯಿತು ಎಂದು ಕೇಳಿದರು. ಹುಡುಕುತ್ತಿದ್ದೇನೆ ಅಂದೆ.

ಇಲ್ಲಿ ತಿರುವಿನಲ್ಲಿ ಒಂದು ಕಿಟಕಿಯಿದೆ. ಯಾರೂ ಒರೆಸಿಲ್ಲ. ಅದನ್ನು ಕಂಡಾಗ ಮೊದಲು ನನಗೆ ಬಂದದ್ದು ಭಯವಲ್ಲ, ಅಸಹ್ಯ. ಆಮೇಲೆ ಭಯ ಬಂತು. ನಿನ್ನ ದನಿ ಹಿಂದೆ ಸರಿ ಅಂದಿತು. ಹಿಂದೆ ಸರಿದರೆ ಮೆಟ್ಟಿಲು, ಅಕ್ಕಾ, ಉರುಳಿಹೋಗುತ್ತೇನೆ. ಅದಕ್ಕೆ ಕೂತುಬಿಟ್ಟೆ. ಇಪ್ಪತ್ತು ನಿಮಿಷವಾಯಿತು. ಅಂಗಿ ಪೂರ್ತಿ ನೆನೆದಿದೆ. ಅಕ್ಷರ ನೋಡಿದರೆ ತಿಳಿಯುತ್ತದೆ.

ಬಟಾಣಿ ನನ್ನ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಿಂದೆ ಬಂದು ಕಾಲರು ಹಿಡಿದಳು. “ಅಪ್ಪಾ, ಕಿಟಕಿಯಿಂದ ಹಿಂದೆ ಸರಿ” ಅಂದಳು. ತಲೆಯೊಳಗಿನ ದನಿ ಯಾವುದು, ಹೊರಗಿನದು ಯಾವುದು ಎಂದು ಒಂದು ಕ್ಷಣ ಗೊತ್ತಾಗಲಿಲ್ಲ. ಅವಳ ಬೆರಳು ತಣ್ಣಗಿತ್ತು. ಅವಳಿಗೂ ಭಯವಾಗಿದೆ ಅಕ್ಕಾ. ನಮ್ಮ ಭಯವೇ.

ಆದ್ದರಿಂದ ನಾನು ಕೆಳಗೆ ಹೋಗುವ ಹಾಗಿಲ್ಲ. ನನ್ನೊಳಗೆ ಹಳದಿ ಕಾರ್ಡು ಉಳಿದಿದೆಯೋ ಆ ಬೈತಲೆ ಉಳಿದಿದೆಯೋ, ಅದು ಡಾಕ್ಟರಿಗೂ ತಿಳಿಯದು. ಆದರೆ ಇವಳು ನೋಡುತ್ತಿದ್ದಾಳೆ, ಇವಳಿಗೆ ಎಲ್ಲವೂ ಇಳಿಯುತ್ತಿದೆ. ನಾನು ಇಲ್ಲಿಂದ ತಿರುಗಿ ಇಳಿದರೆ ಅದೂ ಇಳಿಯುತ್ತದೆ.

ಇನ್ನು ಹದಿನೆಂಟು ಮೆಟ್ಟಿಲು. ಇದನ್ನು ಓದುತ್ತಲೇ ನೀನು ಓಡಿ ಹೊರಗೆ ಬರಬೇಕು ಅಂದುಕೊಳ್ಳುತ್ತೀಯ. ಮೇಲಿನಿಂದ ಬಗ್ಗಿ ಹುಷಾರು ಅನ್ನುತ್ತೀಯ. ಅದೊಂದು ಮಾತು ಸಾಕು ನನಗೆ, ಇನ್ನು ಯಾವತ್ತೂ ಈ ಮೆಟ್ಟಿಲು ಹತ್ತಲಾರೆ. ದಮ್ಮಯ್ಯ, ಬಾಗಿಲು ತೆಗೆದಿಟ್ಟು ಒಳಗೆ ಹೋಗು. ಅಡುಗೆಮನೆಯಲ್ಲಿ ಪಾತ್ರೆಗಳನ್ನೆಲ್ಲ ತೊಟ್ಟಿಗೆ ಹಾಕಿ ತೊಳೆ, ಸದ್ದು ಮಾಡಿ ತೊಳೆ, ಆ ಗಾಳಿಯಷ್ಟು ಸದ್ದಾಗಲಿ. ನನ್ನ ಹೆಜ್ಜೆ ನಿಂತುಹೋದರೂ ತೊಳೆಯುತ್ತಲೇ ಇರು. ಇವಳನ್ನು ವಾಪಸು ಕಳಿಸು, ನನ್ನ ಮುಂದೆ ನಡೆಯಲಿ.

ಪಾತ್ರೆಯ ಸದ್ದು ಕೇಳಿಸಿದ ಮೇಲೆ ಏಳುತ್ತೇನೆ.